ಕಡೆಗಣ್ಣಿನ ನೋಟವೂ ಕ್ರೀಡಾಭ್ಯಾಸವೂ

ಹುನಗುಂದ, ಬಾದಾಮಿ ಸೀಮೆಯ ಕಬಡ್ಡಿ ಅಂಗಣಗಳಲ್ಲಿ ದಾಳಿಗೆ ಹೋದವನ ಕಣ್ಣನ್ನು ಗಮನಿಸಬೇಕು. ಎದುರಿಗೆ ಏಳು ಜನ. ಅವಧಿ 30 ಸೆಕೆಂಡು. ಪಳಗಿದವನು ಒಬ್ಬೊಬ್ಬರನ್ನೇ ದಿಟ್ಟಿಸುತ್ತ ಹೋಗುವುದಿಲ್ಲ. ನಡುವೆ ದೃಷ್ಟಿ ನಿಲ್ಲಿಸಿ ಎರಡೂ ಮೂಲೆಯವರ ಚಲನೆಯನ್ನು ಕಡೆಗಣ್ಣಿನಿಂದಲೇ ಅರಿಯುತ್ತಾನೆ. ಅಕ್ಷಿಪಟಲದ ನಡುಭಾಗವು ಸ್ಫುಟವಾಗಿ ಕಾಣುವುದು ಸುಮಾರು 2 ಡಿಗ್ರಿಯಷ್ಟು ಕಿರಿದಾದ ವಲಯವನ್ನು ಮಾತ್ರ. ಅಂಚಿನ ನೋಟ ಮಸುಕಾದರೂ ಚಲನೆಯನ್ನು ಚೆನ್ನಾಗಿ ಗುರುತಿಸಬಲ್ಲದು.

ಅಭ್ಯಾಸದಿಂದ ಕಣ್ಣಿನ ವ್ಯಾಪ್ತಿಯೇ ಹಿಗ್ಗುವುದೆಂದು ಹಲವರ ನಂಬಿಕೆ. ಅದು ಸರಿಯಲ್ಲ, ಹಿಗ್ಗುವುದು ಅವಧಾನ. ಎದುರಾಳಿಯ ಭುಜ ಬಾಗಿದರೆ, ಹಿಮ್ಮಡಿ ಎದ್ದರೆ, ಮುಂದೇನೆಂಬುದನ್ನು ಮಿದುಳು ಊಹಿಸಿ ಕಾಲಿಗೆ ಆಜ್ಞೆ ಕೊಡುತ್ತದೆ. ನಮ್ಮ ಅಷ್ಟಾವಧಾನಿಗಳದೂ ಇಂಥದೇ ಸಾಧನೆಯಲ್ಲವೆ! ಆದರೆ ಭಯ, ದಣಿವುಗಳಿಂದ ಈ ಅವಧಾನ ಕುಗ್ಗುತ್ತದೆ. ಗದರಿಕೆಗೆ ಅಂಜಿ ಆಡುವ ಹುಡುಗನಿಗೆ ಮೂಲೆಯವನು ಕಾಣದೆ ಹೋಗುವುದು ಇದರಿಂದಲೇ.