ಇವತ್ತು ಯಾರಿಗೆ ಥ್ಯಾಂಕ್ಸ್ ಹೇಳಬೇಕಿತ್ತು?

'ದಿನಾ ರಾತ್ರಿ ಮಲಗೋ ಮುಂಚೆ ಮೂರು ಒಳ್ಳೇ ವಿಷಯ ಬರೆದಿಡಿ.' ಈ ಸಲಹೆ ನಿಮ್ಮ ಫೋನಿಗೂ ಯಾವುದೋ ರೀಲ್ಸ್ ಆಗಿ ಬಂದೇ ಇರುತ್ತೆ. 'ಗ್ರಾಟಿಟ್ಯೂಡ್ ಜರ್ನಲ್' ಅನ್ನೋ ಹೆಸರು ಕೇಳಿದ್ರೆ ಇದು ಹೊರಗಿನಿಂದ ಬಂದ ಫ್ಯಾಷನ್ ಅನ್ನಿಸೋದು ಸಹಜ. ಬಸವನಗುಡಿಯಲ್ಲಿ ಬೆಳೆದ ನನಗೆ ಹಾಗನ್ನಿಸಲಿಲ್ಲ. ಕಾರ್ತಿಕ ಮಾಸದ ಕೊನೆಯ ಸೋಮವಾರ ನಮ್ಮಲ್ಲಿ ನಡೆಯೋ ಕಡಲೆಕಾಯಿ ಪರಿಷೆಯ ಹಿಂದಿರೋದೂ ಇದೇ ಭಾವ. ಬೆಳೆ ಕೈಗೆ ಬಂತು, ಮೊದಲ ಫಸಲು ದೊಡ್ಡ ಬಸವಣ್ಣನಿಗೆ!

ಅದೇ ಬುಲ್ ಟೆಂಪಲ್ ರಸ್ತೆಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇದೆ. 1945ರಲ್ಲಿ ಅದನ್ನು ಸ್ಥಾಪಿಸಿದವರು ಡಿ.ವಿ. ಗುಂಡಪ್ಪ. ಅವರ ಕಗ್ಗ ಎಲ್ಲರಿಗೂ ಗೊತ್ತು. ಆದರೆ ಈ ವಿಷಯಕ್ಕೆ ನಾನು ತೆಗೆದುಕೊಳ್ಳೋದು ಅವರ 'ಜ್ಞಾಪಕ ಚಿತ್ರಶಾಲೆ'ಯನ್ನು. ತಾವು ಕಂಡು ಬಲ್ಲವರನ್ನು ನೆನೆದು ಬರೆದ 8 ಸಂಪುಟಗಳು. ದಿವಾನರು, ಸಾಹಿತಿಗಳು, ಕಲಾವಿದರ ಜೊತೆಗೆ ದೊಡ್ಡ ಹೆಸರಿಲ್ಲದ ಸಜ್ಜನರೂ ಅಲ್ಲಿದ್ದಾರೆ. ಒಂದು ಸಂಪುಟದ ಹೆಸರೇ 'ಹೃದಯ ಸಂಪನ್ನರು'. ಅದು ದಿನಚರಿಯಲ್ಲ, ನಿಜ. ಆದರೆ ಜರ್ನಲ್ ಬರೆಯೋರಿಗೆ ಬೇಕಾದ ಗುಟ್ಟು ಅದರಲ್ಲಿದೆ: ನೆನೆಯೋದಾದರೆ ಹೆಸರು ಹಿಡಿದು, ಅವರು ಮಾಡಿದ್ದನ್ನು ಹೇಳಿ ನೆನೆಯಬೇಕು.

ಸಂಶೋಧನೆ ಏನು ಹೇಳುತ್ತೆ?

2003ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮ್ಮನ್ಸ್ ಮತ್ತು ಮೈಕೇಲ್ ಮೆಕಲ್ಲೊ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ವಾರಕ್ಕೊಮ್ಮೆ ಕೃತಜ್ಞತೆಯ ವಿಷಯ ಬರೆಯಿತು, ಇನ್ನೊಂದು ಕಿರಿಕಿರಿಗಳನ್ನು, ಮತ್ತೊಂದು ಸುಮ್ಮನೆ ವಾರದ ಘಟನೆಗಳನ್ನು. ಮೊದಲ ಗುಂಪಿನವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನವಿತ್ತು. ಕಿರಿಕಿರಿ ಬರೆದವರಿಗಿಂತ ಅವರು ವ್ಯಾಯಾಮವನ್ನೂ ಜಾಸ್ತಿ ಮಾಡಿದ್ದರು. ಆಮೇಲೆ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಖಿನ್ನತೆ, ಆತಂಕಗಳ ಮೇಲೆ ಇದರ ಪರಿಣಾಮ ಚಿಕ್ಕದು ಅಂತಲೂ ಕಂಡಿದೆ. ಅಂದರೆ ಇದು ಒಳ್ಳೆಯ ಅಭ್ಯಾಸ, ಔಷಧಿಯಲ್ಲ.

ಕೆಲಸ ಹೋದಾಗ

ಕಳೆದ ವರ್ಷ ನಾನಿದ್ದ ಕಂಪನಿ ನಮ್ಮ ಇಡೀ ಟೀಮನ್ನೇ ಮನೆಗೆ ಕಳಿಸ್ತು. ಹದಿನೈದು ನಿಮಿಷದ ವಿಡಿಯೋ ಕಾಲ್, ಅಷ್ಟೇ. ತಲೆ ಮೇಲೆ ಮನೆ ಸಾಲದ ಕಂತು. 'ಇದ್ದದ್ದರಲ್ಲಿ ಖುಷಿಯಾಗಿರು' ಅಂದವರ ಮೇಲೆ ಸಿಟ್ಟು ಬರ್ತಿತ್ತು. ಆ ಸಿಟ್ಟನ್ನೂ ಬರೀತಿದ್ದೆ, ಎಡಗಡೆ ಪುಟದಲ್ಲಿ. ಬಲಗಡೆ ಪುಟ ಮಾತ್ರ ಬೇರೆ:

'ಗಾಂಧಿ ಬಜಾರಿನ ಹೂವಿನ ಅಜ್ಜಿ ಕೇಳದೇನೇ ಅರ್ಧ ಮೊಳ ಜಾಸ್ತಿ ಕೊಟ್ಟರು.'

'ಹಳೇ ಮ್ಯಾನೇಜರ್ ತಾವಾಗೇ ಫೋನ್ ಮಾಡಿ ನನ್ನ ರೆಸ್ಯೂಮೆ ಕೇಳಿದರು.'

'ಅಮ್ಮ ಇವತ್ತೂ ಕೆಲಸದ ಮಾತೆತ್ತಲಿಲ್ಲ. ಬಿಸಿ ಹುಳಿ, ಮೇಲೆ ತುಪ್ಪ ಬಡಿಸಿದಳು.'

ಒಂದೂವರೆ ತಿಂಗಳಾದ ಮೇಲೆ ಪುಟ ತಿರುವಿದರೆ ಇಪ್ಪತ್ತಕ್ಕೂ ಹೆಚ್ಚು ಹೆಸರು! ಹೊಸ ಕೆಲಸ ಸಿಗೋಕೆ ಐದು ತಿಂಗಳು ಹಿಡೀತು. ಅದನ್ನು ಪುಸ್ತಕ ಕೊಡಿಸಲಿಲ್ಲ. ಆದರೆ 'ನನಗ್ಯಾರೂ ಇಲ್ಲ' ಅಂತ ಮನಸ್ಸು ಹಟ ಹಿಡಿದ ರಾತ್ರಿಗಳಲ್ಲಿ, ಇದ್ದಾರೆ ಅನ್ನೋದಕ್ಕೆ ನನ್ನದೇ ಕೈಬರಹದ ಪುರಾವೆ ಇತ್ತು.

ನೀವು ಶುರು ಮಾಡೋದಾದರೆ

• ಮೂರೇ ಸಾಲು ಸಾಕು. 'ಕುಟುಂಬ, ಆರೋಗ್ಯ, ಸ್ನೇಹಿತರು' ಅಂತ ಬರೆದರೆ ನಾಲ್ಕನೇ ದಿನಕ್ಕೇ ಬೇಜಾರಾಗುತ್ತೆ. ಯಾರು, ಏನು ಮಾಡಿದರು, ಅದು ಯಾಕೆ ಮುಖ್ಯವಾಯ್ತು ಅಂತ ಬರೆಯಿರಿ.

• ಈಗಾಗಲೇ ಇರೋ ಅಭ್ಯಾಸಕ್ಕೆ ಗಂಟು ಹಾಕಿ. ಸಂಜೆ ಕಾಫಿ ಆದಮೇಲೆ, ಇಲ್ಲವೇ ಮೆಟ್ರೋದಲ್ಲಿ ಸೀಟು ಸಿಕ್ಕಾಗ. ಫೋನಿನ ನೋಟ್ಸ್ ಆದರೂ ಆದೀತು.

• ಒಂದು ದಿನ ತಪ್ಪಿದರೆ ತಲೆ ಕೆಡಿಸಿಕೊಳ್ಳಬೇಡಿ. 2003ರ ಆ ವಿದ್ಯಾರ್ಥಿಗಳು ಬರೆದಿದ್ದೂ ವಾರಕ್ಕೊಂದೇ ಸಲ.

• ಅನ್ಯಾಯಕ್ಕೆ ಥ್ಯಾಂಕ್ಸ್ ಹೇಳೋ ಅಗತ್ಯ ಇಲ್ಲ. ಸಂಬಳ ಬಾಕಿ ಇದ್ದರೆ ಮೊದಲು ಅದನ್ನು ಕೇಳಿ.

• ವಾರಗಟ್ಟಲೆ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂದರೆ ಪುಸ್ತಕ ಪಕ್ಕಕ್ಕಿಟ್ಟು ಟೆಲಿ ಮಾನಸ್‌ಗೆ ಕರೆ ಮಾಡಿ: 14416. ಉಚಿತ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಇವತ್ತು ರಾತ್ರಿ ಒಂದೇ ಒಂದು ಹೆಸರು ಬರೆದು ನೋಡಿ. ನಾಳೆ ಅವರು ಎದುರು ಸಿಕ್ಕರೆ ಬರೆದದ್ದನ್ನು ಅವರಿಗೇ ಹೇಳಿಬಿಡಿ. ಎಷ್ಟೋ ಜನಕ್ಕೆ ತಾವು ಮಾಡಿದ ಉಪಕಾರ ನೆನಪೇ ಇರೋದಿಲ್ಲ.