ಮನೆಯ ಗಣಕಯಂತ್ರವು ನಿಧಾನವಾಗಿ ಆರಂಭಗೊಳ್ಳುವುದು: ಕಾರಣಗಳು ಮತ್ತು ಪರಿಹಾರ ಕ್ರಮಗಳು

ಸಾಂಬ್ರಾ, ಬೆಳಗಾವಿ ನಗರ ಹಾಗೂ ಖಾನಾಪುರ ಭಾಗದ ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಬೆಳಗಾವಿ ನಗರದ ಪೂರ್ವಕ್ಕಿರುವ ಸಾಂಬ್ರಾ ಗ್ರಾಮವು ವಿಮಾನ ನಿಲ್ದಾಣ ಮತ್ತು ವಾಯುಪಡೆಯ ತರಬೇತಿ ಶಾಲೆಯಿಂದಾಗಿ ಎಲ್ಲರಿಗೂ ಪರಿಚಿತವಾಗಿದೆ. ಈ ಗ್ರಾಮದಲ್ಲಿಯೂ, ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನ ಅನೇಕ ಮನೆಗಳಲ್ಲಿಯೂ ಗಣಕಯಂತ್ರವು ಮಕ್ಕಳ ವ್ಯಾಸಂಗ, ಅರ್ಜಿ ಸಲ್ಲಿಕೆ, ಪಹಣಿ ಪಡೆಯುವಿಕೆ ಹಾಗೂ ಅಂಗಡಿ ಲೆಕ್ಕಪತ್ರಗಳಿಗಾಗಿ ಬಳಕೆಯಾಗುತ್ತಿದೆ. ಕೆಲವು ವರ್ಷ ಬಳಸಿದ ಯಂತ್ರವು ಗುಂಡಿ ಒತ್ತಿ ಐದಾರು ನಿಮಿಷ ಕಳೆದ ನಂತರವಷ್ಟೇ ಕೆಲಸಕ್ಕೆ ಸಿದ್ಧವಾಗುತ್ತದೆ ಎಂಬುದು ಸಾಮಾನ್ಯ ದೂರು.

ಇಂತಹ ಸಂದರ್ಭದಲ್ಲಿ ಕೂಡಲೇ ಯಂತ್ರವನ್ನು ‘ಫಾರ್ಮ್ಯಾಟ್’ ಮಾಡಿಸುವ ಅಥವಾ ಹೊಸ ಯಂತ್ರ ಕೊಳ್ಳುವ ರೂಢಿ ಇದೆ. ಆದರೆ ನಿಧಾನಗತಿಯು ಒಂದು ಲಕ್ಷಣ ಮಾತ್ರ. ಅದರ ಹಿಂದೆ ಹತ್ತು ಬಗೆಯ ಕಾರಣಗಳಿರಬಹುದು. ಕಾರಣ ತಿಳಿಯದೆ ಕೈಗೊಂಡ ಕ್ರಮದಿಂದ ಹಣ ವ್ಯರ್ಥವಾಗುವುದಲ್ಲದೆ, ಮರಳಿ ದೊರೆಯಲಾರದ ಕಡತಗಳು ನಾಶವಾಗುವ ಸಂಭವವೂ ಇದೆ. ಆದುದರಿಂದ ಮೊದಲು ಕಡತಗಳ ರಕ್ಷಣೆ, ಅನಂತರ ಕಾರಣದ ಪತ್ತೆ, ಕೊನೆಯಲ್ಲಿ ದುರಸ್ತಿ ಎಂಬ ಕ್ರಮವನ್ನು ಅನುಸರಿಸುವುದು ಸೂಕ್ತ.

2. ಮೊದಲ ಕೆಲಸ: ಕಡತಗಳ ನಕಲು

ಹಾರ್ಡ್ ಡಿಸ್ಕ್ ಕೆಡಲು ಆರಂಭಿಸಿದಾಗ ಕಾಣಿಸಿಕೊಳ್ಳುವ ಮೊದಲ ಸೂಚನೆಗಳಲ್ಲಿ ಆರಂಭದ ವಿಳಂಬವೂ ಒಂದು. ಡಿಸ್ಕ್‌ನ ದುರ್ಬಲ ಭಾಗವನ್ನು ಯಂತ್ರವು ಮತ್ತೆ ಮತ್ತೆ ಓದಲು ಯತ್ನಿಸುವುದರಿಂದ ಕಾಲ ವ್ಯಯವಾಗುತ್ತದೆ. ಈ ಸ್ಥಿತಿಯಲ್ಲಿ ಬೇರೆ ಪ್ರಯೋಗಗಳಿಗೆ ಕೈಹಾಕಿದರೆ ಡಿಸ್ಕ್ ಸಂಪೂರ್ಣವಾಗಿ ನಿಂತುಹೋಗಬಹುದು. ಆದಕಾರಣ ಯಂತ್ರವು ಎಷ್ಟೇ ನಿಧಾನವಾಗಿ ಆರಂಭಗೊಂಡರೂ, ಆರಂಭಗೊಂಡ ಕೂಡಲೇ ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕ್ ಅಥವಾ ಪೆನ್ ಡ್ರೈವ್‌ಗೆ ನಕಲು ಮಾಡಿಕೊಳ್ಳತಕ್ಕದ್ದು.

ಎಲ್ಲ ಕಡತಗಳೂ ಸಮಾನ ಮಹತ್ವದವಲ್ಲ. ಪಹಣಿಯ ಪ್ರತಿಯನ್ನು ಭೂಮಿ ಯೋಜನೆಯ ಮೂಲಕ ಮತ್ತೆ ಪಡೆಯಬಹುದು. ಡಿಜಿಲಾಕರ್‌ನಲ್ಲಿ ಲಭ್ಯವಿರುವ ಅಂಕಪಟ್ಟಿಗಳನ್ನೂ ಪುನಃ ಪಡೆಯಬಹುದು. ಆದರೆ ಕುಟುಂಬದ ಛಾಯಾಚಿತ್ರಗಳು, ಹಳೆಯ ಕಾಗದಪತ್ರಗಳ ಸ್ಕ್ಯಾನ್ ಪ್ರತಿಗಳು, ಅಂಗಡಿ ಅಥವಾ ಸ್ವಸಹಾಯ ಸಂಘದ ಲೆಕ್ಕಗಳು ಬೇರೆಲ್ಲಿಯೂ ಇರುವುದಿಲ್ಲ. ಇವುಗಳಿಗೆ ಆದ್ಯತೆ ನೀಡಬೇಕು.

ಕನ್ನಡ ಕಡತಗಳ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಹಿಂದೆ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಕಡತಗಳು ಯೂನಿಕೋಡ್‌ನಲ್ಲಿರುವುದಿಲ್ಲ. ಯಂತ್ರವನ್ನು ಫಾರ್ಮ್ಯಾಟ್ ಮಾಡಿದ ನಂತರ ಆ ಫಾಂಟ್‌ಗಳಿಲ್ಲದೆ ತೆರೆದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸುತ್ತವೆ. ಕಡತವೇ ಹಾಳಾಯಿತೆಂದು ಭಾವಿಸಿ ಅಳಿಸಿಹಾಕುವವರುಂಟು. ಶ್ರೀಲಿಪಿಯಂತಹ ಹಳೆಯ ವಿನ್ಯಾಸದಲ್ಲಿರುವ ಮರಾಠಿ ಕಡತಗಳಿಗೂ ಇದು ಅನ್ವಯಿಸುತ್ತದೆ. ಕಡತಗಳೊಂದಿಗೆ ಫಾಂಟ್‌ಗಳನ್ನೂ ನಕಲು ಮಾಡಿಟ್ಟುಕೊಳ್ಳುವುದು ಅಥವಾ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಇದಕ್ಕೆ ಪರಿಹಾರ.

3. ವಿಳಂಬವು ಯಾವ ಹಂತದಲ್ಲಿದೆ?

ಗಣಕಯಂತ್ರದ ಆರಂಭವನ್ನು ಮೂರು ಹಂತಗಳಾಗಿ ವಿಂಗಡಿಸಬಹುದು. ಕೈಗಡಿಯಾರ ಹಿಡಿದು ಪ್ರತಿ ಹಂತಕ್ಕೆ ತಗಲುವ ಸಮಯವನ್ನು ಮೂರು ದಿನ ಕಾಗದದಲ್ಲಿ ಬರೆದಿಟ್ಟುಕೊಂಡರೆ ಹುಡುಕಾಟದ ಅರ್ಧ ಕೆಲಸ ಮುಗಿದಂತೆ.

ಅ) ಗುಂಡಿ ಒತ್ತಿದಾಗಿನಿಂದ ವಿಂಡೋಸ್ ಚಿಹ್ನೆ ಕಾಣುವವರೆಗೆ.
ಆ) ವಿಂಡೋಸ್ ಚಿಹ್ನೆಯಿಂದ ಗುಪ್ತಪದ ಕೇಳುವ ಪರದೆಯವರೆಗೆ.
ಇ) ಗುಪ್ತಪದ ನೀಡಿದ ನಂತರ ಯಂತ್ರವು ನಿಜವಾಗಿ ಕೆಲಸಕ್ಕೆ ಒದಗುವವರೆಗೆ.

4. ಮೊದಲ ಹಂತದ ವಿಳಂಬ

ಈ ಹಂತದಲ್ಲಿ ವಿಂಡೋಸ್ ಇನ್ನೂ ಕೆಲಸ ಆರಂಭಿಸಿರುವುದಿಲ್ಲ. ಆದ್ದರಿಂದ ಇಲ್ಲಿ ತಡವಾಗುತ್ತಿದ್ದರೆ ವಿಂಡೋಸನ್ನು ಪುನಃ ಅಳವಡಿಸುವುದರಿಂದ ಪ್ರಯೋಜನವಿಲ್ಲ. ಪರಿಶೀಲಿಸಬೇಕಾದ ಅಂಶಗಳು:

• ಪೆನ್ ಡ್ರೈವ್, ಸಿ.ಡಿ., ಹೊರಗಿನ ಡಿಸ್ಕ್ ಯಂತ್ರಕ್ಕೆ ಜೋಡಿಸಿದಂತೆಯೇ ಉಳಿದಿವೆಯೇ? ಯಂತ್ರವು ಅವುಗಳಲ್ಲಿ ಕಾರ್ಯಾಚರಣಾ ವ್ಯವಸ್ಥೆಯನ್ನು ಹುಡುಕುತ್ತಾ ಕಾಲ ಕಳೆಯಬಹುದು. ಎಲ್ಲವನ್ನೂ ತೆಗೆದು ಮತ್ತೊಮ್ಮೆ ಸಮಯ ನೋಡಬೇಕು.

• ದಿನಾಂಕ ಮತ್ತು ಸಮಯ ಪ್ರತಿದಿನ ಹಿಂದಕ್ಕೆ ಹೋಗುತ್ತಿದೆಯೇ? ಎಫ್1 ಕೀಲಿ ಒತ್ತುವಂತೆ ಸೂಚನೆ ಬರುತ್ತಿದೆಯೇ? ಹಾಗಿದ್ದಲ್ಲಿ ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಬ್ಯಾಟರಿ ಬರಿದಾಗಿರುವ ಸಂಭವ ಹೆಚ್ಚು. ಬಹುತೇಕ ಮೇಜಿನ ಯಂತ್ರಗಳಲ್ಲಿ ಇದು ಸಿ.ಆರ್.2032 ಎಂಬ 3 ವೋಲ್ಟ್ ಬ್ಯಾಟರಿ. ಅಲ್ಪ ವೆಚ್ಚದಲ್ಲಿ ಬದಲಿಸಬಹುದು. ದಿನಾಂಕ ತಪ್ಪಿದ್ದಾಗ ಬ್ಯಾಂಕ್ ಹಾಗೂ ಸರ್ಕಾರಿ ಜಾಲತಾಣಗಳು ತೆರೆಯದಿರುವುದಕ್ಕೂ ಇದೇ ಕಾರಣವಾಗಿರಬಹುದು.

• ಡಿಸ್ಕ್‌ನಿಂದ ಟಕ್ ಟಕ್ ಎಂಬ ಶಬ್ದ ಬರುತ್ತಿದೆಯೇ? ಬರುತ್ತಿದ್ದಲ್ಲಿ ಯಂತ್ರವನ್ನು ಪದೇ ಪದೇ ಆರಂಭಿಸಬಾರದು. ನಕಲು ಇಲ್ಲದಿದ್ದರೆ ಕೂಡಲೇ ಯಂತ್ರವನ್ನು ನಿಲ್ಲಿಸಿ ತಜ್ಞರ ನೆರವು ಪಡೆಯಬೇಕು.

5. ಎರಡನೆಯ ಹಂತದ ವಿಳಂಬ

ಇಲ್ಲಿ ಡಿಸ್ಕ್‌ನ ವೇಗ ಮತ್ತು ಆರೋಗ್ಯ ಮುಖ್ಯವಾಗುತ್ತವೆ. ನಿಮಿಷಕ್ಕೆ 7200 ಬಾರಿ ಸುತ್ತುವ ಹಾರ್ಡ್ ಡಿಸ್ಕ್‌ಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಓದುವ ತಲೆಯು ಸರಿಯಾದ ಸ್ಥಳಕ್ಕೆ ಸರಿಯುವ ಸಮಯವೂ ಸೇರಿದರೆ, ಡಿಸ್ಕ್‌ನ ಬೇರೆ ಬೇರೆ ಕಡೆ ಚದುರಿರುವ ಪ್ರತಿ ತುಣುಕನ್ನು ಓದಲು ಅಂದಾಜು 12 ಮಿಲಿಸೆಕೆಂಡ್ ತಗಲುತ್ತದೆ. ಇಂತಹ 10,000 ತುಣುಕುಗಳನ್ನು ಓದಬೇಕಾದರೆ ಎರಡು ನಿಮಿಷ ಬೇಕಾಗುತ್ತದೆ. ಸುತ್ತುವ ಭಾಗಗಳೇ ಇಲ್ಲದ ಎಸ್.ಎಸ್.ಡಿ.ಯಲ್ಲಿ ಪ್ರತಿ ತುಣುಕಿಗೆ 0.1 ಮಿಲಿಸೆಕೆಂಡ್ ಎಂದು ಹಿಡಿದರೂ ಅದೇ ಕೆಲಸ ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ಹಳೆಯ ಯಂತ್ರಕ್ಕೆ ಎಸ್.ಎಸ್.ಡಿ. ಅಳವಡಿಸಿದಾಗ ಹೊಸದರಂತೆ ಆರಂಭಗೊಳ್ಳುವುದಕ್ಕೆ ಇದೇ ಕಾರಣ.

ಆರಂಭದಲ್ಲಿ ಪ್ರತಿದಿನ ಡಿಸ್ಕ್ ತಪಾಸಣೆಯ ಪರದೆ ಕಾಣಿಸಿಕೊಳ್ಳುತ್ತಿದ್ದರೆ, ಹಿಂದಿನ ದಿನ ಯಂತ್ರವು ಕ್ರಮಬದ್ಧವಾಗಿ ಮುಚ್ಚಲ್ಪಟ್ಟಿತ್ತೇ ಎಂದು ನೋಡಬೇಕು. ವಿದ್ಯುತ್ ಕಡಿತದಿಂದ ಯಂತ್ರವು ಹಠಾತ್ತಾಗಿ ನಿಂತಿದ್ದಲ್ಲಿ ತಪಾಸಣೆ ಸಹಜ. ಅದನ್ನು ಮಧ್ಯದಲ್ಲಿ ನಿಲ್ಲಿಸಬಾರದು. ಕ್ರಮಬದ್ಧವಾಗಿ ಮುಚ್ಚಿದರೂ ಪ್ರತಿದಿನ ತಪಾಸಣೆ ನಡೆಯುತ್ತಿದ್ದರೆ ಡಿಸ್ಕ್ ಬದಲಾಯಿಸುವ ಕಾಲ ಸಮೀಪಿಸಿದೆ ಎಂದು ತಿಳಿಯಬೇಕು.

ವಿಂಡೋಸ್ 8 ಮತ್ತು ಅನಂತರದ ಆವೃತ್ತಿಗಳಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯವಿದೆ. ಇದು ಚಾಲನೆಯಲ್ಲಿದ್ದಾಗ ‘ಶಟ್ ಡೌನ್’ ಮಾಡಿದರೆ ವ್ಯವಸ್ಥೆಯ ಒಂದು ಭಾಗವು ಡಿಸ್ಕ್‌ನಲ್ಲಿ ಹಾಗೆಯೇ ಉಳಿದು, ಮರುದಿನ ಅದೇ ಸ್ಥಿತಿಯಿಂದ ಮುಂದುವರಿಯುತ್ತದೆ. ಪ್ರತಿದಿನ ಯಂತ್ರವನ್ನು ಮುಚ್ಚುತ್ತಿದ್ದರೂ ದೋಷವು ವಾರಗಟ್ಟಲೆ ಹಾಗೆಯೇ ಉಳಿಯುವುದು ಇದರಿಂದ ಸಾಧ್ಯ. ‘ರೀಸ್ಟಾರ್ಟ್’ ಆಯ್ಕೆಯು ವ್ಯವಸ್ಥೆಯನ್ನು ಸಂಪೂರ್ಣವಾಗಿ ಹೊಸದಾಗಿ ಆರಂಭಿಸುತ್ತದೆ. ಬೇರೆ ಕ್ರಮಗಳಿಗೆ ಮುನ್ನ ಒಮ್ಮೆ ರೀಸ್ಟಾರ್ಟ್ ಮಾಡಿ ನೋಡುವುದು ಒಳ್ಳೆಯದು.

6. ಮೂರನೆಯ ಹಂತದ ವಿಳಂಬ

ಗುಪ್ತಪದ ನೀಡಿದ ನಂತರ ಪರದೆ ಕಾಣಿಸಿದರೂ ಯಂತ್ರವು ಸ್ಪಂದಿಸದಿದ್ದರೆ, ತಾವಾಗಿಯೇ ಆರಂಭಗೊಳ್ಳುವ ತಂತ್ರಾಂಶಗಳು ಹೆಚ್ಚಾಗಿವೆ ಎಂದರ್ಥ. ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ‘ಸ್ಟಾರ್ಟಪ್’ ವಿಭಾಗದಲ್ಲಿ ಇವುಗಳ ಪಟ್ಟಿ ನೋಡಬಹುದು. ಬೇಡವಾದುದನ್ನು ಆಯ್ದು ‘ಡಿಸೇಬಲ್’ ಮಾಡಿದರೆ ಆ ತಂತ್ರಾಂಶವು ಅಳಿಸಿಹೋಗುವುದಿಲ್ಲ, ಅಗತ್ಯವಾದಾಗ ತೆರೆಯಬಹುದು. ಒಮ್ಮೆಗೆ ಒಂದೆರಡನ್ನು ಮಾತ್ರ ನಿಲ್ಲಿಸಿ ಪರಿಣಾಮ ನೋಡಬೇಕು. ವೈರಸ್ ನಿರೋಧಕ ಹಾಗೂ ಪರಿಚಯವಿಲ್ಲದ ಹೆಸರಿನವುಗಳನ್ನು ವಿಚಾರಿಸದೆ ನಿಲ್ಲಿಸಬಾರದು.

ಈ ಭಾಗದ ಯಂತ್ರಗಳಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಕನ್ನಡ, ಮರಾಠಿ ಎರಡನ್ನೂ ಬಳಸುವ ಮನೆಗಳಲ್ಲಿ ನುಡಿ, ಬರಹ ಹಾಗೂ ಮರಾಠಿ ಟೈಪಿಂಗ್ ತಂತ್ರಾಂಶ ಒಂದೇ ಯಂತ್ರದಲ್ಲಿರಬಹುದು. ಮೂರೂ ಆರಂಭದಲ್ಲಿಯೇ ಚಾಲನೆಗೊಳ್ಳುವಂತೆ ಇಟ್ಟರೆ ಕಾಲವಿಳಂಬವಲ್ಲದೆ ಕೀಲಿಮಣೆಯ ಗೊಂದಲವೂ ಉಂಟಾಗುತ್ತದೆ. ಮೇ 2019ರ ನವೀಕರಣದ ನಂತರದ ವಿಂಡೋಸ್ 10 ಹಾಗೂ ವಿಂಡೋಸ್ 11ರಲ್ಲಿ ಕನ್ನಡ, ಮರಾಠಿ ಎರಡಕ್ಕೂ ಧ್ವನ್ಯಾತ್ಮಕ ಕೀಲಿಮಣೆ ಇದೆ. ಸಾಮಾನ್ಯ ಬರವಣಿಗೆಗೆ ಇದು ಸಾಕಾಗುತ್ತದೆ. ನುಡಿ ವಿನ್ಯಾಸವೇ ರೂಢಿಯಾಗಿರುವವರು ಬರೆಯುವಾಗ ಮಾತ್ರ ಅದನ್ನು ತೆರೆದುಕೊಳ್ಳಬಹುದು.

ಎರಡು ವೈರಸ್ ನಿರೋಧಕಗಳು ಏಕಕಾಲಕ್ಕೆ ಚಾಲನೆಯಲ್ಲಿದ್ದರೆ ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಿಯಾಗುತ್ತದೆ. ಒಂದನ್ನು ಮಾತ್ರ ಉಳಿಸಿಕೊಳ್ಳಬೇಕು. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಬಳಕೆಯು ದೀರ್ಘಕಾಲ ಶೇ. 100ರಲ್ಲಿಯೇ ಇದ್ದರೆ ಡಿಸ್ಕ್ ಕಡೆಗೂ, ಮೆಮೊರಿ ಬಳಕೆಯು ಶೇ. 90 ಮೀರಿದ್ದರೆ ರ‍್ಯಾಮ್ ಕಡೆಗೂ ಗಮನ ಹರಿಸಬೇಕು.

7. ವಿದ್ಯುತ್, ಧೂಳು ಮತ್ತು ತೇವಾಂಶ

ಮಳೆಗಾಲದ ವಿದ್ಯುತ್ ವ್ಯತ್ಯಯವು ಡಿಸ್ಕ್‌ಗೆ ಹಾನಿಕರ. ಮೇಜಿನ ಯಂತ್ರಕ್ಕೆ ಯುಪಿಎಸ್ ಮತ್ತು ಸರಿಯಾದ ಅರ್ತಿಂಗ್ ಇರಬೇಕು. ಯುಪಿಎಸ್ ಕ್ರಮಬದ್ಧವಾಗಿ ಮುಚ್ಚಲು ಬೇಕಾದ ಕೆಲವು ನಿಮಿಷಗಳಿಗಷ್ಟೇ. ಕರೆಂಟ್ ಹೋದ ಮೇಲೆ ಕೆಲಸ ಮುಂದುವರಿಸಲು ಅಲ್ಲ. ಘಟ್ಟದ ಅಂಚಿನಲ್ಲಿರುವ ಖಾನಾಪುರ ಭಾಗದಲ್ಲಿ ತೇವಾಂಶ ಹೆಚ್ಚಿರುವುದರಿಂದ ತಿಂಗಳುಗಟ್ಟಲೆ ಬಳಸದೆ ಮುಚ್ಚಿಟ್ಟ ಯಂತ್ರದ ಸಂಪರ್ಕಗಳಲ್ಲಿ ಕಿಲುಬು ಉಂಟಾಗಬಹುದು. ಬೇಸಿಗೆಯ ಧೂಳು ಫ್ಯಾನನ್ನು ಕಟ್ಟಿದರೆ ಸಂಸ್ಕಾರಕವು ಬಿಸಿಯಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಪ್ಲಗ್ ತೆಗೆದ ನಂತರ ಮೃದುವಾದ ಬ್ರಷ್‌ನಿಂದ ಧೂಳು ತೆಗೆಯಬಹುದು. ಒದ್ದೆ ಬಟ್ಟೆ ಬಳಸಬಾರದು.

8. ಹೊಸ ಯಂತ್ರ ಬೇಕೆ?

ಡಿಸ್ಕ್ ಹಳೆಯದಾಗಿದ್ದು ಉಳಿದ ಭಾಗಗಳು ಸರಿಯಿದ್ದರೆ ಎಸ್.ಎಸ್.ಡಿ. ಅಳವಡಿಕೆಯೇ ಹೆಚ್ಚು ಫಲಕಾರಿ. ಆದರೆ ವೆಚ್ಚ ಮಾಡುವ ಮುನ್ನ ಕಾರ್ಯಾಚರಣಾ ವ್ಯವಸ್ಥೆಯ ಅವಧಿಯನ್ನೂ ಗಮನಿಸಬೇಕು. ವಿಂಡೋಸ್ ಎಕ್ಸ್‌ಪಿಗೆ 8 ಏಪ್ರಿಲ್ 2014ರಂದು, ವಿಂಡೋಸ್ 7ಕ್ಕೆ 14 ಜನವರಿ 2020ರಂದು, ವಿಂಡೋಸ್ 10ಕ್ಕೆ 14 ಅಕ್ಟೋಬರ್ 2025ರಂದು ತಯಾರಕರ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿ.ಬಿ. ರ‍್ಯಾಮ್, 64 ಜಿ.ಬಿ. ಸಂಗ್ರಹ ಸ್ಥಳ ಹಾಗೂ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆ ಅಗತ್ಯ. ಇವಿಲ್ಲದ ಯಂತ್ರಗಳಲ್ಲಿ ಲಿನಕ್ಸ್ ಅಳವಡಿಸಿ, ವ್ಯಾಸಂಗ ಮತ್ತು ಬರವಣಿಗೆಗೆ ಇನ್ನೂ ಕೆಲವು ವರ್ಷ ಬಳಸಬಹುದು.

9. ಮಾಡಬಾರದ ಕೆಲಸಗಳು

• ‘ವೇಗ ಹೆಚ್ಚಿಸುವ’ ಉಚಿತ ತಂತ್ರಾಂಶಗಳನ್ನು ಅಳವಡಿಸಬಾರದು. ಅವೇ ಆರಂಭದ ಹೊರೆಯಾಗುತ್ತವೆ. ಕೆಲವು ಹಾನಿಕಾರಕವೂ ಹೌದು.
• ‘ಪ್ರೀಫೆಚ್’ ಕಡತಕೋಶವನ್ನು ಅಳಿಸಬಾರದು. ಅದು ಆರಂಭವನ್ನು ಚುರುಕುಗೊಳಿಸಲೆಂದೇ ಇರುವ ದಾಖಲೆ; ಅಳಿಸಿದರೆ ಮುಂದಿನ ಆರಂಭ ಇನ್ನೂ ತಡವಾಗುತ್ತದೆ.
• ನಕಲು ಇಲ್ಲದೆ ಫಾರ್ಮ್ಯಾಟ್ ಮಾಡಲು ಒಪ್ಪಬಾರದು.
• ಯಂತ್ರದಲ್ಲಿ ದೋಷವಿದೆ ಎಂದು ಪರದೆಯ ಮೇಲೆ ಬರುವ ದೂರವಾಣಿ ಸಂಖ್ಯೆಗೆ ಕರೆ ಮಾಡಬಾರದು. ಅಪರಿಚಿತರಿಗೆ ದೂರದಿಂದ ಯಂತ್ರ ನಿಯಂತ್ರಿಸಲು ಅವಕಾಶ ನೀಡಬಾರದು. ಇದರಿಂದ ಹಣ ಕಳೆದುಕೊಂಡವರು ವಿಳಂಬವಿಲ್ಲದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡತಕ್ಕದ್ದು.

10. ದುರಸ್ತಿಗೆ ಒಪ್ಪಿಸುವಾಗ

ಮೂರು ಹಂತಗಳ ಸಮಯ ಬರೆದ ಕಾಗದವನ್ನು ತಂತ್ರಜ್ಞರಿಗೆ ನೀಡಬೇಕು. ಡಿಸ್ಕ್‌ನ ಸ್ಥಿತಿ ತಿಳಿಸುವ ‘ಸ್ಮಾರ್ಟ್’ ವರದಿಯನ್ನು ತೋರಿಸುವಂತೆ ಕೇಳಬೇಕು. ಡಿಸ್ಕ್ ಬದಲಾಯಿಸಿದಲ್ಲಿ ಹಳೆಯ ಡಿಸ್ಕನ್ನು ಮರಳಿ ಪಡೆಯಬೇಕು; ಅದರಲ್ಲಿ ಕುಟುಂಬದ ಮಾಹಿತಿ ಇನ್ನೂ ಉಳಿದಿರಬಹುದು. ಬದಲಿಸಿದ ಭಾಗಗಳಿಗೆ ರಸೀದಿ ಪಡೆಯಬೇಕು. ಕೆಟ್ಟ ಬ್ಯಾಟರಿ ಮತ್ತು ಬಿಡಿಭಾಗಗಳನ್ನು ಮನೆಯ ಕಸದೊಂದಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಕಾರರಿಗೆ ಒಪ್ಪಿಸಬೇಕು.

ಸಾರ್ವಜನಿಕರು ಮೇಲ್ಕಂಡ ಕ್ರಮವನ್ನು ಅನುಸರಿಸಿ ಅನಗತ್ಯ ವೆಚ್ಚವನ್ನು ತಪ್ಪಿಸಬೇಕೆಂದೂ, ತಮ್ಮ ಅಮೂಲ್ಯ ಕಡತಗಳನ್ನು ಸಂರಕ್ಷಿಸಿಕೊಳ್ಳಬೇಕೆಂದೂ ಕೋರಲಾಗಿದೆ.