ಅಂಗಳದ ಅಸ್ಥಿ, ಕಣಜದ ಕನಸು

ಪ್ರೇತಕಥೆಯು ಕಲ್ಪನೆಯ ಸೃಷ್ಟಿ. ಕೊಲೆಯ ವೃತ್ತಾಂತವು ನಡೆದುದರ ನಿರೂಪಣೆ. ಮೊದಲನೆಯದನ್ನು ನಂಬದೆಯೂ ಓದಿ ಬೆದರುತ್ತೇವೆ. ಎರಡನೆಯದನ್ನು ನಂಬಿ ಬೆದರುತ್ತೇವೆ. ಮೇಲುನೋಟಕ್ಕೆ ಇವೆರಡಕ್ಕೂ ನಂಟಿಲ್ಲ. ಆದರೆ ಎರಡರಲ್ಲಿಯೂ ಕಥೆ ಮೊದಲಾಗುವುದು ಒಂದು ಸಾವು ಸಂಭವಿಸಿದ ಮೇಲೆ. ಎರಡನ್ನೂ ಮುನ್ನಡೆಸುವುದು ಹೂತುಹೋದ ಸತ್ಯ ಹೊರಬಂದೀತೇ ಎಂಬ ಆತಂಕ.

ರೋಮಿನ ಕಿರಿಯ ಪ್ಲಿನಿ ತನ್ನ ಮಿತ್ರ ಸುರನಿಗೆ ಬರೆದ ಪತ್ರವೊಂದರಲ್ಲಿ ಅಥೆನ್ಸಿನ ಒಂದು ಮನೆಯ ಕಥೆಯಿದೆ. ರಾತ್ರಿಯಾದರೆ ಅಲ್ಲಿ ಸಂಕೋಲೆಯ ಸದ್ದು. ಅಥೆನೊಡೋರಸನೆಂಬ ದಾರ್ಶನಿಕ ಆ ಮನೆಯನ್ನು ಬಾಡಿಗೆಗೆ ಹಿಡಿದು, ದೀಪದ ಮುಂದೆ ಬರೆಯುತ್ತ ಕುಳಿತ. ಮುದುಕನ ರೂಪದ ಪ್ರೇತ ಬಂದು ಬೆರಳಿನಿಂದ ಕರೆಯಿತು, ಅಂಗಳದಲ್ಲಿ ಮಾಯವಾಯಿತು. ಮರುದಿನ ಅಧಿಕಾರಿಗಳ ಮುಂದೆ ಅಗೆಸಿದಾಗ ಸಂಕೋಲೆ ಸುತ್ತಿದ ಮೂಳೆಗಳು ದೊರೆತವು. ಅವುಗಳಿಗೆ ವಿಧಿಯಂತೆ ಸಂಸ್ಕಾರವಾಯಿತು, ಮನೆ ಶಾಂತವಾಯಿತು.

ಇನ್ನು ಇಂಗ್ಲೆಂಡಿಗೆ ಬರೋಣ. ಇದು ಕಥೆಯಲ್ಲ. 1827ರ ಮೇ ತಿಂಗಳಲ್ಲಿ ಸಫೋಕ್ ಪ್ರಾಂತದ ಪೋಲ್‌ಸ್ಟೆಡ್ ಗ್ರಾಮದ ಮರಿಯಾ ಮಾರ್ಟೆನ್, ಮದುವೆಯ ಮಾತು ನಂಬಿ, ವಿಲಿಯಂ ಕಾರ್ಡರನನ್ನು ಕಾಣಲು ‘ಕೆಂಪು ಕಣಜ’ಕ್ಕೆ ಹೋದಳು, ಮರಳಲಿಲ್ಲ. ಆಕೆ ಕ್ಷೇಮವಾಗಿರುವಳೆಂದು ಅವನು ಮನೆಯವರನ್ನು ನಂಬಿಸುತ್ತಲೇ ಇದ್ದ. ಮಲತಾಯಿಯು ತಾನು ಕನಸಿನಲ್ಲಿ ಕಣಜದ ನೆಲದಡಿ ಮರಿಯಾಳನ್ನು ಕಂಡೆನೆಂದಳು. 1828ರ ಏಪ್ರಿಲಿನಲ್ಲಿ ತಂದೆ ಅಲ್ಲಿಯೇ ಅಗೆದ. ಮಗಳ ಶವ ಸಿಕ್ಕಿತು. ಆ ಕನಸನ್ನು ಸಂಶಯಿಸಿದವರೂ ಉಂಟು. ಅದಿರಲಿ, ಅಥೆನ್ಸಿನ ಅಂಗಳಕ್ಕೂ ಸಫೋಕಿನ ಕಣಜಕ್ಕೂ ಎಷ್ಟು ಸಾಮ್ಯ! ಕಥೆಗಾರನು ತನ್ನ ಪ್ರೇತಕ್ಕೆ ಊರು, ಸಾಕ್ಷಿ, ಅಧಿಕಾರಿಗಳನ್ನು ಒದಗಿಸಿ ಸತ್ಯದ ವೇಷ ತೊಡಿಸುತ್ತಾನೆ. ಕೊಲೆಯ ವೃತ್ತಾಂತವಾದರೋ ತನ್ನ ಸತ್ಯಕ್ಕೆ ಕನಸಿನ ನೆರಳನ್ನು ಕಡ ತರುತ್ತದೆ.

ಆದರೆ ಕೊನೆಯಲ್ಲಿ ಎರಡೂ ದಾರಿ ಅಗಲುತ್ತವೆ. 1828ರ ಆಗಸ್ಟ್ 11ರಂದು ಕಾರ್ಡರನನ್ನು ಗಲ್ಲಿಗೇರಿಸಿದರು. ವಿಚಾರಣೆಗೂ ಮುನ್ನವೇ ಕೊಲೆಯ ಕಥೆ ಆಟವಾಗಿ ರಂಗಕ್ಕೆ ಬಂದಿತ್ತು. ಪತ್ರಕರ್ತ ಜೇಮ್ಸ್ ಕರ್ಟಿಸ್ ಅದೇ ವರ್ಷ ಗ್ರಂಥ ಬರೆದ. ಅದರ ಒಂದು ಪ್ರತಿಗೆ ಕಾರ್ಡರನ ಚರ್ಮವನ್ನೇ ಹದಮಾಡಿ ರಟ್ಟು ಕಟ್ಟಿದರು. ಬರಿ ಸೇಂಟ್ ಎಡ್ಮಂಡ್ಸಿನ ವಸ್ತುಸಂಗ್ರಹಾಲಯದಲ್ಲಿ ಅದು ಇಂದಿಗೂ ಇದೆ. ಮರಿಯಾಳ ಗೋರಿಯ ಕಲ್ಲು ಮಾತ್ರ ಉಳಿಯಲಿಲ್ಲ. ನೋಡಬಂದವರು ನೆನಪಿಗೆಂದು ಚೂರುಚೂರಾಗಿ ಕಿತ್ತೊಯ್ದರು. ಕೊಂದವನ ಚರ್ಮಕ್ಕೆ ದೊರೆತ ರಕ್ಷಣೆ ಸತ್ತವಳ ಹೆಸರಿಗೆ ದೊರೆಯಲಿಲ್ಲ.

ಪ್ಲಿನಿಯ ಕಥೆಯಲ್ಲಿ ಕೊಲೆಗಾರನ ಸುದ್ದಿಯೇ ಇಲ್ಲ. ಸತ್ತವನಿಗೆ ಮಣ್ಣು ದೊರೆಯಿತೇ ಎಂಬುದೊಂದೇ ಅಲ್ಲಿನ ಚಿಂತೆ. ಕೊಲೆಯ ವೃತ್ತಾಂತಕ್ಕೆ ಕೊಂದವನೇ ನಾಯಕ. ಭೂತದ ಕಥೆಯನ್ನು ಅಜ್ಜಿಯ ಮಾತೆಂದು ತಳ್ಳಿಹಾಕುವ ನಾವು, ಮೃತರಿಗೆ ಸಲ್ಲಬೇಕಾದ ಗೌರವವನ್ನು ಅದರಿಂದಲೇ ಕಲಿಯಬೇಕಾಗಿದೆ.

ಬೇತಾಳನ ಕಥೆಗಳಲ್ಲಿ ಶವವನ್ನು ಹೆಗಲಿಗೇರಿಸಿಕೊಂಡ ರಾಜನು ಅದರ ಪ್ರಶ್ನೆಗೆ ಉತ್ತರ ಹೇಳಲೇಬೇಕು. ತಿಳಿದೂ ಸುಮ್ಮನಿದ್ದರೆ ತಲೆ ಸಿಡಿಯುವುದು. ಕೊಲೆಯನ್ನು ಕುರಿತು ಬರೆಯುವವನ ಹೆಗಲ ಮೇಲೂ, ಅದನ್ನು ಓದುವವನ ಹೆಗಲ ಮೇಲೂ ಅಂಥದೇ ಭಾರವಿದೆ. ಸತ್ತವರು ಯಾರು, ಹೇಗೆ ಬಾಳಿದರು ಎಂಬುದೇ ಅದರ ಪ್ರಶ್ನೆ.